ಬಸ್ ಸ್ಟ್ಯಾಂಡಿನಿಂದ ಹತ್ತೇ ನಿಮಿಷ: ಹಾಸನ ಹೀಗೇಕೆ ಹರಡುತ್ತಿದೆ?

ಹಾಸನದಿಂದ ಯಾವ ದಿಕ್ಕಿಗೆ ಹೊರಟರೂ ಅಷ್ಟೇ. ಸಾಲಗಾಮೆ ರಸ್ತೆ ಇರಲಿ, ಹೊಳೆನರಸೀಪುರ ರಸ್ತೆ ಇರಲಿ, ಅರಸೀಕೆರೆ ರಸ್ತೆ ಇರಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಒಂದು ಕಮಾನು ಎದುರಾಗುತ್ತದೆ. ಪಕ್ಕದಲ್ಲೊಂದು ಫ್ಲೆಕ್ಸ್. '30x40, 40x60 ಸೈಟುಗಳು ಮಾರಾಟಕ್ಕಿವೆ. ಬಸ್ ಸ್ಟ್ಯಾಂಡಿನಿಂದ ಹತ್ತೇ ನಿಮಿಷ.'

ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಅಂಥದ್ದೇ ಬೋರ್ಡು ನೋಡಿ ಸೈಟು ತಗೊಂಡರು. ಮನೆಯನ್ನೂ ಕಟ್ಟಿದರು. ಚಿಕ್ಕಪ್ಪ ಬೈಕ್ ಓಡಿಸುತ್ತಿದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. ಮಂಡಿನೋವು ಬಂದು ಅವರು ಬೈಕ್ ಬಿಟ್ಟ ಮೇಲೆ ಮನೆಯ ಲೆಕ್ಕವೇ ಬದಲಾಯಿತು. ಮಾತ್ರೆ ಬೇಕಾದರೂ ಆಟೋ, ಒಂದು ಕಟ್ಟು ಸೊಪ್ಪು ಬೇಕಾದರೂ ಆಟೋ. ಆಟೋದವರು ಅಲ್ಲಿಯವರೆಗೆ ಬರಲು ಒಪ್ಪುವುದೂ ಕಷ್ಟ, ವಾಪಸ್ ಬರುವಾಗ ಯಾರೂ ಸಿಗುವುದಿಲ್ಲ ಅನ್ನುತ್ತಾರೆ. ಒಂದು ದಿನ ಚಿಕ್ಕಮ್ಮ ನನ್ನ ಕೇಳಿದರು: "ಹತ್ತು ನಿಮಿಷ ಅಂತ ಬರೆದಿದ್ರಲ್ಲ, ಅದು ಯಾರ ಹತ್ತು ನಿಮಿಷ ಕಣೋ?"

ಒಂದು ಊರು ದಟ್ಟವಾಗಿ ಬೆಳೆಯುತ್ತದೋ, ಚೆಲ್ಲಾಪಿಲ್ಲಿಯಾಗಿ ಹರಡುತ್ತದೋ ಅನ್ನುವುದು ಬಹುಮಟ್ಟಿಗೆ ಈ ಪ್ರಶ್ನೆಯಲ್ಲೇ ಇದೆ.

ನಡೆಯುವವರ ಹತ್ತು ನಿಮಿಷ ಅಂದರೆ ಸುಮಾರು 800 ಮೀಟರ್. ಸೈಕಲ್‌ನವರಿಗೆ ಎರಡು ಕಿಲೋಮೀಟರ್. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ಹೋಗುವ ಬೈಕ್ ಅಥವಾ ಕಾರಿಗೆ ಐದು ಕಿಲೋಮೀಟರ್. ಅಂದರೆ ನಡಿಗೆಗಿಂತ ಆರು ಪಟ್ಟಿಗೂ ತುಸು ಹೆಚ್ಚು ದೂರ.

ಆದರೆ ವಿಷಯ ಇರುವುದು ಆರು ಪಟ್ಟಿನಲ್ಲಿ ಅಲ್ಲ. ಹಸುವನ್ನು ಗೂಟಕ್ಕೆ ಕಟ್ಟಿ ಮೇಯಲು ಬಿಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಹಗ್ಗವನ್ನು ಎರಡರಷ್ಟು ಉದ್ದ ಮಾಡಿದರೆ ಹಸುವಿಗೆ ಸಿಗುವ ಹುಲ್ಲು ನಾಲ್ಕರಷ್ಟಾಗುತ್ತದೆ. ಹಗ್ಗ ಆರು ಪಟ್ಟಾದರೆ ಹುಲ್ಲು ಮೂವತ್ತಾರು ಪಟ್ಟು. ಊರಿಗೂ ಇದೇ ಲೆಕ್ಕ. ಎಲ್ಲರೂ ನಡೆಯುತ್ತಿದ್ದಾಗ ಪೇಟೆಯಿಂದ ಹತ್ತು ನಿಮಿಷದೊಳಗೆ ಸಿಗುತ್ತಿದ್ದ ಜಾಗ ಸುಮಾರು ಎರಡು ಚದರ ಕಿಲೋಮೀಟರ್ ಮಾತ್ರ. ಕೈಗೆ ಬೈಕ್ ಬಂದ ಕೂಡಲೇ ಅದು ಎಪ್ಪತ್ತೆಂಟಾಯಿತು. ಊರಿನ ಜನ ಅಷ್ಟು ಪಟ್ಟು ಹೆಚ್ಚಲಿಲ್ಲ, ಜಾಗ ಮಾತ್ರ ಹೆಚ್ಚಿತು. ಹಾಗಾಗಿ ಒಬ್ಬೊಬ್ಬರಿಗೆ ಸಿಗುವ ನೆಲ ಜಾಸ್ತಿಯಾಯಿತು, ಒತ್ತಾಗಿ ಮನೆ ಕಟ್ಟುವ ಅಗತ್ಯ ಹೋಯಿತು.

ಹಾಗಾದರೆ ವೇಗದಿಂದ ಉಳಿದ ಸಮಯ ಎಲ್ಲಿ ಹೋಯಿತು? ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಇದರ ಬಗ್ಗೆ ಬರೆದರು. ಯಾವ ಕಾಲದ, ಯಾವ ಊರಿನ ಜನರನ್ನು ನೋಡಿದರೂ ಸರಾಸರಿ ದಿನಕ್ಕೆ ಒಂದು ಗಂಟೆಯ ಹತ್ತಿರ ಹತ್ತಿರ ಓಡಾಟಕ್ಕೆ ಕೊಡುತ್ತಾರೆ ಎಂಬುದು ಅವರ ಮಾತು. ಗಾಡಿಯ ವೇಗ ಹೆಚ್ಚಿದರೆ ನಾವು ಬೇಗ ಮನೆ ಸೇರುವುದಿಲ್ಲ, ಮನೆಯನ್ನೇ ದೂರ ಕಟ್ಟುತ್ತೇವೆ. ಇದು ಎಲ್ಲರಿಗೂ ಎಲ್ಲ ದಿನವೂ ಹೊಂದುವ ನಿಯಮವೇನಲ್ಲ. ಆದರೂ ನಮ್ಮ ರಿಂಗ್ ರೋಡಿನ ಆಚೆ ನಿಂತು ನೋಡಿದರೆ ಅವರು ಹೇಳಿದ್ದು ಕಣ್ಣಿಗೇ ಕಾಣುತ್ತದೆ.

ಹಳೆಯ ಹಾಸನ ಕಾಲ್ನಡಿಗೆಯ ಊರು. ಗಾಂಧಿ ಬಜಾರ್, ಕಟ್ಟಿನಕೆರೆ ಮಾರುಕಟ್ಟೆ, ಸಂತೇಪೇಟೆ, ಪೆನ್ಷನ್ ಮೊಹಲ್ಲಾ ಇವನ್ನೆಲ್ಲ ಒಂದು ಸುತ್ತು ನಡೆದು ಬನ್ನಿ. ಅಂಗಡಿಯ ಗೋಡೆಗೆ ಅಂಗಡಿಯ ಗೋಡೆ ಅಂಟಿಕೊಂಡಿದೆ. ಕೆಳಗೆ ಅಂಗಡಿ, ಮೇಲೆ ಮನೆ. ಬಟ್ಟೆ ತಗೊಂಡು, ಟೈಲರ್‌ಗೆ ಕೊಟ್ಟು, ತರಕಾರಿ ಹಿಡಿದು, ಔಷಧಿ ಅಂಗಡಿಗೆ ಹೋಗಿ ಬರಲು ಒಂದೇ ಸುತ್ತು ಸಾಕು. ಯಾರೋ ಯೋಜನೆ ಹಾಕಿ ಹೀಗೆ ಮಾಡಿದ್ದಲ್ಲ. ಕಾಲೇ ಗಾಡಿಯಾಗಿದ್ದಾಗ ಬೇರೆ ಥರ ಕಟ್ಟಲು ಸಾಧ್ಯವೇ ಇರಲಿಲ್ಲ.

ಬಸ್ಸು ಬಂದಾಗ ಏನಾಗುತ್ತದೆ? ಬಸ್ಸಿಗೂ ವೇಗ ಇದೆ, ಅದೂ ಊರನ್ನು ಉದ್ದ ಮಾಡುತ್ತದೆ. ಆದರೆ ಬಸ್ಸಿನ ಹಗ್ಗ ಬೇರೆ ಥರದ್ದು. ಬೈಕ್ ಎಲ್ಲಿ ಬೇಕಾದರೂ ಹೋಗುತ್ತದೆ, ಆದ್ದರಿಂದ ಊರು ಚಾಪೆ ಹಾಸಿದಂತೆ ನಾಲ್ಕೂ ಕಡೆ ಹರಡುತ್ತದೆ. ಬಸ್ಸು ಒಂದು ದಾರಿಯಲ್ಲಿ ಮಾತ್ರ ಹೋಗುತ್ತದೆ, ನಿಲ್ಲುವ ಕಡೆ ಮಾತ್ರ ನಿಲ್ಲುತ್ತದೆ. ಇಳಿದವರು ಆಮೇಲೆ ನಡೆಯಲೇಬೇಕು. ಜನ ಸಾಮಾನ್ಯವಾಗಿ ನಡೆಯಲು ಒಪ್ಪುವುದು ನಾನೂರು, ಐನೂರು ಮೀಟರ್. ಹಾಗಾಗಿ ಬಸ್ಸಿನ ಊರು ಹೂವಿನ ಸರದಂತೆ ಬೆಳೆಯುತ್ತದೆ. ನಿಲ್ದಾಣವೊಂದೊಂದು ಗಂಟು. ಆ ಗಂಟಿನ ಸುತ್ತ ಟೀ ಅಂಗಡಿ, ಮೆಡಿಕಲ್, ಜೆರಾಕ್ಸ್, ಬಾಡಿಗೆ ಮನೆ, ಪೀಜಿ ಎಲ್ಲ ಒತ್ತೊತ್ತಾಗಿ ಬರುತ್ತವೆ. ಬಸ್ಸಿಂದ ಇಳಿದವನು ಹಾದುಹೋಗುವ ನೂರು ಮೀಟರ್‌ಗೆ ವ್ಯಾಪಾರದ ಬೆಲೆ ಇದೆ. ಎರಡು ಗಂಟುಗಳ ನಡುವೆ ಹೊಲ ಹೊಲವಾಗಿಯೇ ಉಳಿಯಬಹುದು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇದರ ಬಗ್ಗೆ ಮಾತಾಡುವವರು ಕಡಿಮೆ. ನಮ್ಮ ಹಳ್ಳಿಗಳ ನೈಟ್ ಹಾಲ್ಟ್ ಬಸ್ಸು. ರಾತ್ರಿ ಕೊನೇ ಟ್ರಿಪ್ ಹಳ್ಳಿಗೆ ಬಂದು, ಡ್ರೈವರ್ ಕಂಡಕ್ಟರ್ ಅಲ್ಲೇ ಮಲಗಿ, ಬೆಳಗ್ಗೆ ಮೊದಲ ಟ್ರಿಪ್ ಅಲ್ಲಿಂದಲೇ ಹೊರಡುತ್ತದೆ. ಆ ಬಸ್ಸು ಇರುವ ಹಳ್ಳಿಯ ಹುಡುಗಿ ಹಾಸನದ ಕಾಲೇಜಿಗೆ ಬಂದು ಸಂಜೆ ಮನೆ ಸೇರಬಲ್ಲಳು. ಹಾಲಿನ ಡೈರಿಗೆ ಹಾಲು ಹಾಕಿ, ಬಸ್ಸು ಹತ್ತಿ ಬಂದು ಅಂಗಡಿಯಲ್ಲಿ ಕೆಲಸ ಮಾಡುವವರು ಊರಲ್ಲೇ ಇರಬಲ್ಲರು. ಬಸ್ಸು ನಿಂತುಹೋದರೆ ಒಂದೋ ಬೈಕ್ ಕೊಳ್ಳಬೇಕು, ಇಲ್ಲವೋ ಹಾಸನದಲ್ಲಿ ರೂಮು ಮಾಡಬೇಕು. ಒಂದು ನೈಟ್ ಹಾಲ್ಟ್ ಬಸ್ಸು ಹಳ್ಳಿಯನ್ನು ಹಳ್ಳಿಯಾಗಿ, ಪೇಟೆಯನ್ನು ಪೇಟೆಯಾಗಿ ಉಳಿಸುತ್ತದೆ. ನೆಲದ ಬಳಕೆಯನ್ನು ತೀರ್ಮಾನಿಸುವುದು ನಕ್ಷೆಯಲ್ಲಿ ಹಚ್ಚುವ ಬಣ್ಣ ಮಾತ್ರ ಅಲ್ಲ, ಬೆಳಗ್ಗೆ ಆರೂವರೆಯ ಬಸ್ಸೂ ಹೌದು.

ಇನ್ನು ಗಾಡಿ ನಿಲ್ಲಿಸುವ ಜಾಗ. ಕಾರು ಓಡುವಾಗಿನ ಟ್ರಾಫಿಕ್ ಬಗ್ಗೆ ನಾವು ತುಂಬ ಮಾತಾಡುತ್ತೇವೆ. ಆದರೆ ದಿನದ ಬಹುಪಾಲು ಹೊತ್ತು ಕಾರು ಓಡುವುದೇ ಇಲ್ಲ, ನಿಂತಿರುತ್ತದೆ. ಊರಿನ ಆಕಾರ ಬದಲಾಗುವುದು ಹೆಚ್ಚಾಗಿ ಅದರಿಂದಲೇ ಅಂತ ನನಗನ್ನಿಸುತ್ತದೆ.

ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದರೆ ಸುಮಾರು 135 ಚದರ ಅಡಿ. 30x40 ಸೈಟಿನ ಮನೆಯಲ್ಲಿ ಒಂದು ಬೆಡ್‌ರೂಮೇ 10x12, ಅಂದರೆ 120 ಚದರ ಅಡಿ. ಒಳಗೆ ಬಂದು ತಿರುಗಿಸಿ ಹೊರಗೆ ಹೋಗುವ ದಾರಿಯನ್ನೂ ಸೇರಿಸಿದರೆ ಒಂದು ಕಾರಿಗೆ ಸುಮಾರು 270 ಚದರ ಅಡಿ ಆಗುತ್ತದೆ. ಸಾವಿರ ಚದರ ಅಡಿಯ ಅಂಗಡಿಗೆ ನಾಲ್ಕು ಕಾರಿನ ಪಾರ್ಕಿಂಗ್ ಕೊಟ್ಟರೆ ಅಂಗಡಿಗಿಂತ ಪಾರ್ಕಿಂಗೇ ದೊಡ್ಡದು.

ಇದು ಅತಿ ಸ್ಪಷ್ಟವಾಗಿ ಕಾಣುವುದು ಕಲ್ಯಾಣ ಮಂಟಪಗಳಲ್ಲಿ. ನಾನು ಚಿಕ್ಕವನಿದ್ದಾಗ ಮದುವೆ ಅಂದರೆ ಊರೊಳಗಿನ ಛತ್ರ. ನೆಂಟರು ಬಸ್ಸಿಳಿದು, ಬ್ಯಾಗು ಹಿಡಿದು, ದಾರಿ ಕೇಳಿಕೊಂಡು ನಡೆದೇ ಬರುತ್ತಿದ್ದರು. ಈಗ ಮಂಟಪ ಗೊತ್ತು ಮಾಡುವಾಗ ಅಡುಗೆಮನೆ ಹೇಗಿದೆ ಅನ್ನುವುದಕ್ಕಿಂತ ಮೊದಲು ಪಾರ್ಕಿಂಗ್ ಇದೆಯಾ ಅಂತ ಕೇಳುತ್ತೇವೆ, ಅಲ್ವಾ? 200 ಕಾರಿಗೆ ಜಾಗ ಬೇಕಾದರೆ ಸುಮಾರು 50 ಗುಂಟೆ ಬೇಕು, ಅಂದರೆ ಒಂದೂಕಾಲು ಎಕರೆ. ಊರೊಳಗೆ ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಹೊಸ ಮಂಟಪಗಳು ಹೈವೇ ಬದಿಗೆ ಹೋದವು. ಅಲ್ಲಿಗೆ ಹೋಗಲು ಬಸ್ಸಿಲ್ಲ, ಆದ್ದರಿಂದ ಬಸ್ಸಲ್ಲಿ ಬರುತ್ತಿದ್ದವರೂ ಕಾರು ಮಾಡಿಕೊಂಡು ಬರಬೇಕು. ಆಗ ಇನ್ನೂ ದೊಡ್ಡ ಪಾರ್ಕಿಂಗ್ ಬೇಕು. ಆ 200 ಕಾರಿನಲ್ಲಿ ಬರುವ ಎಂಟುನೂರು ಜನ 16 ಬಸ್ಸಿನಲ್ಲಿ ಕೂತು ಬರಬಹುದು. ಬಸ್ಸು ಇಳಿಸಿ ಹೊರಟುಹೋಗುತ್ತದೆ, ಊಟ ಮುಗಿಯುವವರೆಗೆ ಅಲ್ಲಿ ನಿಲ್ಲಬೇಕಾಗಿಲ್ಲ.

ಪಾರ್ಕಿಂಗ್ ಜಾಗ ಕಟ್ಟಡಗಳನ್ನು ಒಂದರಿಂದ ಒಂದು ದೂರ ತಳ್ಳುತ್ತದೆ. ದೂರವಾದ ಮೇಲೆ ನಡೆಯುವುದು ಕಷ್ಟ. ನಡೆಯಲು ಕಷ್ಟವಾದರೆ ಮತ್ತೆ ಗಾಡಿ. ಗಾಂಧಿ ಬಜಾರಿನ ಒಂದೇ ಸುತ್ತಿನಲ್ಲಿ ಆಗುತ್ತಿದ್ದ ನಾಲ್ಕು ಕೆಲಸಕ್ಕೆ ಈಗ ನಾಲ್ಕು ಕಡೆ ಗಾಡಿ ನಿಲ್ಲಿಸಬೇಕು. ಜಪಾನಿನಲ್ಲಿ 1962ರಲ್ಲೇ ಕಾನೂನು ತಂದರು: ಕಾರು ಕೊಳ್ಳಬೇಕಾದರೆ ಅದನ್ನು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದ್ದೋ ಜಾಗ ಇದೆ ಎಂದು ಮೊದಲು ತೋರಿಸಬೇಕು. ನಮ್ಮಲ್ಲಿ ಮನೆ ಮುಂದಿನ ರಸ್ತೆಯೇ ಆ ಜಾಗ. ಆ ರಸ್ತೆ ಎಲ್ಲರದ್ದೂ ಹೌದು.

ಓಡುವ ರಸ್ತೆಯಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅನ್ನುವುದಕ್ಕೂ ಅಂದಾಜು ಲೆಕ್ಕವಿದೆ. ಒಂದು ಲೇನ್, ಅಂದರೆ ಸುಮಾರು ಮೂರು ಮೀಟರ್ ಅಗಲದ ರಸ್ತೆ. ಅದರಲ್ಲಿ ಕಾರುಗಳೇ ಇದ್ದರೆ ಗಂಟೆಗೆ 600ರಿಂದ 1,600 ಜನ ದಾಟಬಹುದು. ಬಸ್ಸಿಗೆಂದೇ ಮೀಸಲಿಟ್ಟರೆ 4,000ದಿಂದ 8,000. ಅಷ್ಟೇ ಅಗಲದ ಫುಟ್‌ಪಾತ್ ಆದರೆ 9,000. ನಂಬುವುದು ಕಷ್ಟ ಅನ್ನಿಸಿದರೆ ಆಶ್ವಯುಜ ಮಾಸದಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗ ಬಂದು ನೋಡಿ. ವರ್ಷವಿಡೀ ಎರಡು ಕಾರು ಎದುರುಬದುರಾದರೆ ಉಸಿರು ಕಟ್ಟುವ ಗುಡಿಯ ಸುತ್ತಲಿನ ರಸ್ತೆಗಳು ಆ ಕೆಲವು ದಿನ ಲಕ್ಷಗಟ್ಟಲೆ ಜನರನ್ನು ಹಿಡಿಸಿಕೊಳ್ಳುತ್ತವೆ. ರಸ್ತೆ ಅಗಲವಾಗಿರುವುದಿಲ್ಲ. ಜನ ಕಾಲ ಮೇಲೆ ಇರುತ್ತಾರೆ, ಅಷ್ಟೇ.

ರಸ್ತೆ ಅಗಲ ಮಾಡಿದರೆ ಸಾಕಲ್ಲ ಅನ್ನುವವರಿದ್ದಾರೆ. ಡುರಾಂಟನ್, ಟರ್ನರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಲೆಕ್ಕ ತೆಗೆದರು. ರಸ್ತೆ ಎಷ್ಟು ಪಾಲು ಹೆಚ್ಚಿತೋ ಗಾಡಿಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತೂ ಇದೆ, ಬಸ್ಸಿನ ಪರವಾಗಿ ಮಾತಾಡುವ ನನ್ನಂಥವರು ಅದನ್ನು ಮುಚ್ಚಿಡಬಾರದು. ಬಸ್ಸು, ರೈಲು ಹೆಚ್ಚಿಸಿದ ಮಾತ್ರಕ್ಕೂ ಗಾಡಿಗಳ ಓಡಾಟ ಕಡಿಮೆಯಾಗಲಿಲ್ಲ. ಒಬ್ಬ ಬಸ್ಸು ಹತ್ತಿದರೆ ಅವನು ಬಿಟ್ಟ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಹಾಗಾಗಿ ಟ್ರಾಫಿಕ್ ಕರಗಲಿ ಅಂತ ಬಸ್ಸು ಕೇಳಿದರೆ ನಿರಾಸೆಯಾದೀತು. ಬಸ್ಸು ಬೇಕಿರುವುದು ಅದೇ ರಸ್ತೆಯಲ್ಲಿ ಹೆಚ್ಚು ಜನ ಊರು ತಲುಪಲಿ ಎಂದು. ಕಾರಿಲ್ಲದ ಚಿಕ್ಕಮ್ಮನೂ ತಲುಪಲಿ ಎಂದು.

ಅವರ ಲೇಔಟಿಗೆ ಬಸ್ಸು ಯಾಕಿಲ್ಲ? ಕೇಳಿದರೆ ಸಿಗುವ ಉತ್ತರ, ಅಲ್ಲಿ ಜನ ಇಲ್ಲ. ಜನ ಯಾಕಿಲ್ಲ? ಅಲ್ಲಿಗೆ ಬಸ್ಸಿಲ್ಲ. ಈ ಸುತ್ತು ಹೇಗೆ ಬಿಗಿಯಾಗುತ್ತದೆ ಅನ್ನುವುದನ್ನು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಮೋರಿಂಗ್ 1972ರಲ್ಲಿ ವಿವರಿಸಿದರು. ಹತ್ತು ನಿಮಿಷಕ್ಕೊಂದು ಬಸ್ಸಿದ್ದರೆ ವೇಳಾಪಟ್ಟಿ ನೋಡದೆ ಹೋಗಿ ನಿಂತವರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಗಂಟೆಗೊಂದಿದ್ದರೆ ಅರ್ಧ ಗಂಟೆ. ಜನ ಹೆಚ್ಚಿದರೆ ಬಸ್ಸು ಹೆಚ್ಚುತ್ತದೆ, ಬಸ್ಸು ಹೆಚ್ಚಿದರೆ ಪ್ರತಿಯೊಬ್ಬರೂ ಕಾಯುವುದು ಕಡಿಮೆಯಾಗುತ್ತದೆ, ಆಗ ಇನ್ನಷ್ಟು ಜನ ಬರುತ್ತಾರೆ. ಕಾರಿನಲ್ಲಿ ಇದು ಉಲ್ಟಾ. ರಸ್ತೆಗೆ ಇನ್ನೊಂದು ಕಾರು ಬಂದರೆ ಉಳಿದವರಿಗೆಲ್ಲ ತೊಂದರೆ, ಬಸ್ಸಿಗೆ ಇನ್ನೊಬ್ಬರು ಬಂದರೆ ಉಳಿದವರಿಗೆ ಅನುಕೂಲ. ಆದರೆ ಈ ಚಕ್ರ ಹಿಂದಕ್ಕೂ ತಿರುಗುತ್ತದೆ. ಜನ ಕಡಿಮೆ, ಒಂದು ಟ್ರಿಪ್ ಕಟ್. ಕಾದು ಬೇಸತ್ತವರು ಸ್ಕೂಟಿ ತಗೊಳ್ಳುತ್ತಾರೆ. ಇನ್ನೊಂದು ಟ್ರಿಪ್ ಕಟ್. ಕೊನೆಗೆ ಉಳಿಯುವವರು ಗಾಡಿ ಓಡಿಸಲಾಗದವರು ಮಾತ್ರ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲವಾಯಿತು. ದೊಡ್ಡ ಬದಲಾವಣೆಯೇ. ಆದರೆ ನಿಲ್ದಾಣದಿಂದ ಎರಡು ಕಿಲೋಮೀಟರ್ ದೂರದ ಲೇಔಟಿನಲ್ಲಿರುವ ಹೆಂಗಸಿಗೆ ಬಸ್ಸು ಪುಕ್ಕಟೆಯಾದರೂ ಬಸ್ಸಿನವರೆಗಿನ ಆಟೋಗೆ ದುಡ್ಡು ಕೊಡಬೇಕು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಲೇಔಟಿನ ಒಂದು ಎಕರೆ ತಗೊಳ್ಳಿ, 43,560 ಚದರ ಅಡಿ. ರಸ್ತೆ, ಪಾರ್ಕು, ಸಾರ್ವಜನಿಕ ಉಪಯೋಗದ ಜಾಗ ಎಲ್ಲ ಕಳೆದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಅದರಲ್ಲಿ 30x40ರ ಸುಮಾರು 20 ಸೈಟು. ಎಲ್ಲದರಲ್ಲೂ ಮನೆ ಎದ್ದು, ಮನೆಗೆ ನಾಲ್ಕು ಜನ ಅಂದರೆ ಎಕರೆಗೆ 80 ಜನ.

ಅಮೆರಿಕದಲ್ಲಿ ಪುಷ್ಕರೆವ್, ಜುಪಾನ್ ಎಂಬ ಇಬ್ಬರು 1977ರಲ್ಲಿ ಒಂದು ಅಳತೆಗೋಲು ಕೊಟ್ಟರು. ಎಕರೆಗೆ ಏಳು ಮನೆ ಇದ್ದರೆ ಅರ್ಧ ಗಂಟೆಗೊಂದು ಬಸ್ಸು ಓಡಿಸಬಹುದು, ಹದಿನೈದು ಮನೆ ಇದ್ದರೆ ಹತ್ತು ನಿಮಿಷಕ್ಕೊಂದು. ಅವರ ಲೆಕ್ಕ ನಮಗೆ ಹಾಗ್ಹಾಗೇ ಹೊಂದುವುದಿಲ್ಲ. ಅಲ್ಲಿ ಮನೆಮನೆಗೂ ಕಾರಿತ್ತು, ಇಲ್ಲಿ ಬಸ್ಸು ಹತ್ತುವವರು ಜಾಸ್ತಿ. ಅಂದರೆ ನಮಗೆ ಇನ್ನೂ ಕಡಿಮೆ ಮನೆ ಇದ್ದರೂ ಸಾಕು.

ನಮ್ಮ ಲೇಔಟಿನಲ್ಲಿ ಇಪ್ಪತ್ತು! ಕಾಗದದ ಮೇಲೆ ನಮ್ಮ ಲೇಔಟುಗಳು ಬಸ್ಸಿಗೆ ಹೇಳಿ ಮಾಡಿಸಿದಂತಿವೆ. ಅಪಾರ್ಟ್‌ಮೆಂಟ್ ಬೇಕಿಲ್ಲ, ಹತ್ತು ಮಹಡಿ ಬೇಕಿಲ್ಲ. ಹಾಸನದಂಥ ಊರು ಒಂದಂತಸ್ತಿನ, ಎರಡಂತಸ್ತಿನ ಮನೆಗಳಲ್ಲೇ ಒಳ್ಳೆಯ ಬಸ್ಸು ಪಡೆಯುವಷ್ಟು ದಟ್ಟವಾಗಬಲ್ಲದು.

ಕೈಕೊಡುವುದು ಖಾಲಿ ಸೈಟು. ಚಿಕ್ಕಮ್ಮನ ರಸ್ತೆಯಲ್ಲಿ ಮೂರು ಮನೆ ಇವೆ, ಉಳಿದದ್ದು ಕಲ್ಲು ನೆಟ್ಟ ಜಾಗ, ಲಂಟಾನ ಪೊದೆ. ಮಗಳ ಮದುವೆಗೆ ಆಗುತ್ತೆ, ರೇಟು ಏರುತ್ತೆ ಅಂತ ಕೊಂಡಿಟ್ಟವರು ಬೆಂಗಳೂರಲ್ಲೋ ದುಬೈನಲ್ಲೋ ಇದ್ದಾರೆ. ಅವರನ್ನು ತಪ್ಪೆನ್ನಲಾರೆ, ನಮ್ಮ ಜನಕ್ಕೆ ನೆಲದಷ್ಟು ಭರವಸೆ ಕೊಡುವ ಉಳಿತಾಯ ಬೇರೆ ಇಲ್ಲ. ಆದರೆ ಅದರ ಆಚೆಗೆ ಮತ್ತೊಂದು ಲೇಔಟು ಆಗಲೇ ಶುರುವಾಗಿದೆ, ಅದಕ್ಕೂ ಕಮಾನು ಎದ್ದಿದೆ. ಆ ನೆಲದಲ್ಲಿ ಮೊನ್ನೆಮೊನ್ನೆಯವರೆಗೆ ಮುಂಗಾರಿಗೆ ಜಲಂಧರದ ಬಿತ್ತನೆ ಆಲೂಗಡ್ಡೆ ಹಾಕುತ್ತಿದ್ದರು. ಹಾಸನದ ಆಲೂಗಡ್ಡೆಗೆ ಹೆಸರಿದೆ. ಒಮ್ಮೆ ಕನ್ವರ್ಷನ್ ಆಗಿ, ಮೋರಿ ಕಟ್ಟಿ, ಜಲ್ಲಿ ಸುರಿದ ಹೊಲಕ್ಕೆ ಮತ್ತೆ ನೇಗಿಲು ಬರುವುದಿಲ್ಲ. ಮನೆಯೂ ಬಾರದೆ ಬೆಳೆಯೂ ಇಲ್ಲದೆ ಹದಿನೈದು ವರ್ಷ ಬಿದ್ದಿರುವ ನೆಲವನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ತೊಡಕು ರಸ್ತೆಯದ್ದೇ. ಒಂದೊಂದು ಲೇಔಟನ್ನೂ ಒಬ್ಬೊಬ್ಬರು ಮಾಡಿದ್ದು. ಒಳಗಿನ ರಸ್ತೆ ಪಕ್ಕದ ಲೇಔಟಿನ ಕಾಂಪೌಂಡ್ ಗೋಡೆಗೆ ಬಂದು ಮುಗಿಯುತ್ತದೆ. ಬಸ್ಸು ಒಳಗೆ ಬಂದರೆ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು, ಮೂವತ್ತು ಅಡಿ ರಸ್ತೆಯಲ್ಲಿ ತಿರುಗಿಸಲು ಜಾಗವಿಲ್ಲ. ಗೋಡೆಯ ಆಚೆ ಐವತ್ತು ಮೀಟರ್‌ನಲ್ಲಿ ಕಾಣುವ ಅಂಗಡಿಗೆ ಚಿಕ್ಕಮ್ಮ ಮುಖ್ಯರಸ್ತೆ ಸುತ್ತಿ ಹೋಗಬೇಕು. ನಾಲ್ಕು ಲೇಔಟಿಗೆ ಸೇರಿ ಒಂದು ಉದ್ದದ ದಾರಿ ಮೊದಲೇ ಗುರುತಿಸಿದ್ದರೆ ಒಂದೇ ಬಸ್ಸು ನಾಲ್ಕನ್ನೂ ಪೋಣಿಸಿಕೊಂಡು ಹೋಗುತ್ತಿತ್ತು.

ಮೊದಲು ಬಸ್ಸಿನ ದಾರಿ, ಆಮೇಲೆ ಮನೆ ಎಂಬ ಕ್ರಮದಲ್ಲಿ ಬೆಳೆದ ಊರುಗಳಿವೆ. ಬ್ರೆಜಿಲ್ ದೇಶದ ಕುರಿಟಿಬಾ ಮೆಟ್ರೋ ಕಟ್ಟಲಿಲ್ಲ, ಅಷ್ಟು ದುಡ್ಡಿರಲಿಲ್ಲ. 1974ರಲ್ಲಿ ಬಸ್ಸಿಗೇ ಬೇರೆ ಲೇನ್ ಬಿಟ್ಟರು. ಆ ದಾರಿಯ ಎರಡೂ ಬದಿ ಎತ್ತರದ ಕಟ್ಟಡಕ್ಕೆ ಅನುಮತಿ ಕೊಟ್ಟರು. ದಾರಿಯಿಂದ ದೂರ ಹೋದಂತೆ ಕಟ್ಟಡದ ಎತ್ತರ ಇಳಿಸಿದರು. ಬಸ್ಸು ಹತ್ತುವವರು ಬಸ್ಸಿನ ಪಕ್ಕದಲ್ಲೇ ಇದ್ದರು, ಹಾಗಾಗಿ ಬಸ್ಸು ತುಂಬಿತು. ಕುರಿಟಿಬಾ ನಮಗಿಂತ ಎಷ್ಟೋ ದೊಡ್ಡ ಊರು. ಆದರೆ ಆ ಕ್ರಮಕ್ಕೆ ದೊಡ್ಡ ಊರೇ ಬೇಕೆಂದಿಲ್ಲ. ಹಾಸನದಿಂದ ಹೊರಡುವ ಐದಾರು ಮುಖ್ಯರಸ್ತೆಗಳು ಈಗಾಗಲೇ ಬಸ್ಸಿನ ದಾರಿಗಳೇ. ಅವುಗಳಿಂದ ಅರ್ಧ ಕಿಲೋಮೀಟರ್ ಒಳಗಿನ ಖಾಲಿ ಜಾಗ ತುಂಬುವವರೆಗೆ ಆಚೆಯ ಹೊಲಕ್ಕೆ ಕೈ ಹಾಕದಿದ್ದರೆ, ಹೊಸ ಲೇಔಟಿನ ನಕ್ಷೆಯಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ ಎಂದು ಮೊದಲೇ ಗುರುತು ಹಾಕಿಸಿದರೆ, ಜನ ಕಡಿಮೆ ಇದ್ದರೂ ಮೊದಲ ಕೆಲವು ವರ್ಷ ಬಸ್ಸು ಓಡಿಸಿದರೆ ಚಕ್ರ ಮುಂದಕ್ಕೆ ತಿರುಗುತ್ತದೆ. ಮನೆ ಕಟ್ಟುವವರು ಸ್ಕೂಟಿ ಕೊಳ್ಳುವ ಮೊದಲೇ ಬಸ್ಸು ಅಲ್ಲಿರಬೇಕು. ಒಮ್ಮೆ ಕೊಂಡ ಗಾಡಿಯನ್ನು ಯಾರೂ ಸುಮ್ನೆ ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ.

ಗಾಡಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ತೋಟದಿಂದ ಹಾಲಿನ ಕ್ಯಾನ್ ತರುವವನಿಗೆ ಎಕ್ಸ್‌ಎಲ್ ಬೇಕೇ ಬೇಕು. ಸಕಲೇಶಪುರದ ಎಸ್ಟೇಟಿನಲ್ಲಿ ಮಳೆಗಾಲದ ರಾತ್ರಿ ಮಗುವಿಗೆ ಜ್ವರ ಬಂದರೆ ಜೀಪೇ ಗತಿ. ಆದರೆ ಊರೊಳಗಿನ ದಿನನಿತ್ಯದ ಓಡಾಟಕ್ಕೂ ಗಾಡಿ ಇಲ್ಲದೆ ಆಗುವುದಿಲ್ಲ ಎಂಬಂತೆ ಊರು ಕಟ್ಟಿದರೆ ಮಕ್ಕಳು, ವಯಸ್ಸಾದವರು, ಗಾಡಿ ಕೊಳ್ಳಲಾಗದವರು ಎಲ್ಲರೂ ಇನ್ನೊಬ್ಬರ ದಾರಿ ಕಾಯಬೇಕಾಗುತ್ತದೆ.

ಚಿಕ್ಕಪ್ಪ, ಚಿಕ್ಕಮ್ಮ ಹೋದ ವರ್ಷ ಆ ಮನೆ ಬಾಡಿಗೆಗೆ ಕೊಟ್ಟು ಪೆನ್ಷನ್ ಮೊಹಲ್ಲಾದಲ್ಲಿ ಎರಡು ರೂಮಿನ ಮನೆ ಹಿಡಿದರು. ಅಂಗಳವಿಲ್ಲ, ತುಳಸಿ ಕುಂಡವನ್ನು ಮೆಟ್ಟಿಲ ಮೇಲೆ ಇಟ್ಟುಕೊಂಡಿದ್ದಾರೆ. ಚಿಕ್ಕಮ್ಮ ಬೆಳಗ್ಗೆ ತಾವೇ ಕಟ್ಟಿನಕೆರೆ ಮಾರುಕಟ್ಟೆಗೆ ನಡೆದುಹೋಗಿ ಸೊಪ್ಪು ಆರಿಸಿ ತರುತ್ತಾರೆ. ಈಗ ನೆಂಟರಲ್ಲಿ ಯಾರಾದರೂ ಸೈಟು ನೋಡಲು ಹೊರಟರೆ ಅವರು ಒಂದೇ ಮಾತು ಹೇಳುವುದು: "ಬೈಕ್ ಮನೇಲಿ ಬಿಟ್ಟು ಹೋಗಿ ಕಣ್ರಪ್ಪಾ. ಬಸ್ಸಲ್ಲಿ ಹೋಗಿ, ಇಳಿದು ಸೈಟಿನ ತನಕ ನಡೀರಿ. ಸಂಜೆ ಏಳು ಗಂಟೆವರೆಗೆ ಅಲ್ಲೇ ಇದ್ದು ವಾಪಸ್ ಬಸ್ಸಲ್ಲೇ ಬನ್ನಿ. ಆಮೇಲೆ ಅಡ್ವಾನ್ಸ್ ಕೊಡಿ."